ಲಾಡ್ಜಿನ ತಿಗಣೆ ಬ್ಯಾಗಿನಲ್ಲಿ ಮನೆಗೆ ಬಾರದಿರಲು ಏನು ಮಾಡಬೇಕು?

ಪ್ರಶ್ನೆ: ನಾವು ಮಂಡ್ಯದವರು. ಮೇ ತಿಂಗಳಲ್ಲಿ ನಾದಿನಿಯ ಮಗನ ಮದುವೆಗೆಂದು ಮೈಸೂರಿನ ಒಂದು ಲಾಡ್ಜಿನಲ್ಲಿ ಎರಡು ರಾತ್ರಿ ಇದ್ದೆವು. ಊರಿಗೆ ಬಂದ ಮೂರನೇ ದಿನ ನನ್ನ ತೋಳು, ಕತ್ತಿನ ಮೇಲೆ ಸಾಲಾಗಿ ಕೆಂಪು ದದ್ದು ಎದ್ದು ವಿಪರೀತ ತುರಿಕೆ ಶುರುವಾಯಿತು. ಪಕ್ಕದಲ್ಲೇ ಮಲಗಿದ್ದ ಯಜಮಾನರಿಗೆ ಏನೂ ಆಗಲಿಲ್ಲ. ಅವರು ಸೊಳ್ಳೆ ಎಂದರು, ನಮ್ಮತ್ತೆ ತಿಗಣೆ ಎಂದರು. ಮನೆಯಲ್ಲಿ ಎಷ್ಟು ಹುಡುಕಿದರೂ ಒಂದೂ ಸಿಗಲಿಲ್ಲ, ಆಮೇಲೆ ದದ್ದೂ ಏಳಲಿಲ್ಲ. ಈಗ ದಸರಾಕ್ಕೆ ಶಿವಮೊಗ್ಗದಿಂದ ಅಕ್ಕನ ಮನೆಯವರು ಬರುತ್ತಿದ್ದಾರೆ. ಜಂಬೂ ಸವಾರಿ, ಪಂಜಿನ ಕವಾಯತು ಎರಡನ್ನೂ ನೋಡಬೇಕೆಂದು ಮತ್ತೆ ಮೈಸೂರಿನಲ್ಲೇ ರೂಮು ಮಾಡಿದ್ದೇವೆ. ನೆನೆಸಿಕೊಂಡರೇ ಮೈ ತುರಿಸುತ್ತದೆ. ದುಬಾರಿ ಹೋಟೆಲಾದರೆ ಭಯವಿಲ್ಲವೇ? ಬ್ಯಾಗಿಗೆ ನುಸಿ ಗುಳಿಗೆ ಹಾಕಿ, ಸ್ಪ್ರೇ ಹೊಡೆದುಕೊಂಡು ಹೋಗಿ ಎನ್ನುತ್ತಾರೆ ಪಕ್ಕದ ಮನೆಯವರು. ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ನಮ್ಮ ಮೈದುನ, ಮೂಟೆಗೆ ಇಡುವ ಮಾತ್ರೆ ಒಂದೆರಡು ತಂದುಕೊಡುತ್ತೇನೆ, ಮಂಚದ ಕೆಳಗಿಟ್ಟು ಬಾಗಿಲು ಹಾಕಿದರೆ ಸಾಕು ಎಂದಿದ್ದಾನೆ. ರೇಷ್ಮೆ ಸೀರೆಗಳನ್ನೂ ಒಯ್ಯುತ್ತೇವೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಮಿಕ್ಕ ವಿಷಯಕ್ಕೆ ಹೋಗುವ ಮೊದಲು ಆ ಮಾತ್ರೆಯ ಬಗ್ಗೆ ಹೇಳಿಬಿಡುತ್ತೇನೆ. ಅದು ನಿಮ್ಮ ಮನೆಯ ಹೊಸ್ತಿಲು ದಾಟಬಾರದು. ಮೂಟೆಯ ಹುಳುವಿಗೆ ಇಡುವ ಆ ಮಾತ್ರೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ಅನಿಲ ಹೊರಡುತ್ತದೆ. ಬಾಗಿಲ ಸಂದು, ಗೋಡೆಯ ಬಿರುಕು, ವೈರಿನ ಪೈಪು, ಎಲ್ಲಿ ದಾರಿ ಸಿಕ್ಕರೆ ಅಲ್ಲಿಂದ ನುಸುಳಿ ಪಕ್ಕದ ಕೋಣೆಗೂ ಪಕ್ಕದ ಮನೆಗೂ ಹೋಗುತ್ತದೆ. ಈ ವಿಷಕ್ಕೆ ಪ್ರತಿಮದ್ದು ಇಲ್ಲ. ತಿಗಣೆಗೆಂದು ಒಂದು ಕೋಣೆಯಲ್ಲಿ ಇದನ್ನಿಟ್ಟು ಇನ್ನೊಂದರಲ್ಲಿ ಮಲಗಿದವರು ನಮ್ಮ ದೇಶದಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ, ಅವರಲ್ಲಿ ಮಕ್ಕಳೂ ಇದ್ದಾರೆ. ಇದನ್ನು ಸರಕಾರಿ ಸಂಸ್ಥೆಗಳು ಮತ್ತು ಅನುಮತಿ ಪಡೆದ ಕೀಟನಿಯಂತ್ರಣದವರು ಮಾತ್ರ, ಅದೂ ತಜ್ಞರ ಉಸ್ತುವಾರಿಯಲ್ಲಿ ಬಳಸಬೇಕೆಂದು ಕಾನೂನೇ ಇದೆ. ಈಗಾಗಲೇ ತಂದಿಟ್ಟಿದ್ದರೆ ಡಬ್ಬಿ ತೆರೆಯದೆ, ನೀರು ತಾಗಿಸದೆ ಗಿರಣಿಗೇ ವಾಪಸ್ ಕೊಡಿಸಿ. ಮನೆಯಲ್ಲಿ ಎಲ್ಲಾದರೂ ಇಟ್ಟಿದ್ದು, ಯಾರಿಗಾದರೂ ವಾಂತಿ, ತಲೆಸುತ್ತು, ಎದೆ ಬಿಗಿತ, ಉಸಿರುಕಟ್ಟುವಿಕೆ ಕಾಣಿಸಿಕೊಂಡರೆ ಎಲ್ಲರೂ ತಕ್ಷಣ ಬಯಲಿಗೆ ಬಂದು 108ಕ್ಕೆ ಕರೆ ಮಾಡಬೇಕು. ಮಾತ್ರೆ ಎತ್ತಿಹಾಕಲು ಒಳಗೆ ಹೋಗಬೇಡಿ.

ಇನ್ನು ಮೇ ತಿಂಗಳ ದದ್ದು. ನಿಮ್ಮತ್ತೆ ಹೇಳಿದ್ದೇ ಸರಿ ಇರುವ ಸಾಧ್ಯತೆ ಹೆಚ್ಚು. ಸೊಳ್ಳೆ ಕಚ್ಚಿದರೆ ನಿಮಿಷಗಳಲ್ಲೇ ತುರಿಸುತ್ತದೆ. ತಿಗಣೆ ಕಚ್ಚಿದ್ದು ಕೆಲವರಿಗೆ ಮರುದಿನ, ಕೆಲವರಿಗೆ ಮೂರ್ನಾಲ್ಕು ದಿನ ಬಿಟ್ಟು, ಮೊದಲ ಸಲ ಕಚ್ಚಿಸಿಕೊಂಡವರಿಗೆ ಎರಡು ವಾರದ ತನಕವೂ ತಡವಾಗಿ ಏಳಬಹುದು. ಬಟ್ಟೆ ಮುಚ್ಚದ ತೋಳು, ಕತ್ತು, ಕಾಲುಗಳಲ್ಲಿ, ಎರಡು ಮೂರು ಒಂದೇ ಸಾಲಿನಲ್ಲಿ ಕಾಣುವುದು ಸಾಮಾನ್ಯ. ಹೀಗಿದ್ದರೂ ದದ್ದು ನೋಡಿಯೇ ಇದು ತಿಗಣೆ ಎಂದು ಖಚಿತವಾಗಿ ಹೇಳಲು ಚರ್ಮದ ವೈದ್ಯರಿಗೂ ಕಷ್ಟ. ಹುಳು ಇಲ್ಲವೇ ಅದರ ಕುರುಹು ಸಿಗಬೇಕು. ನಿಮ್ಮ ಯಜಮಾನರನ್ನೂ ಅದು ಕಚ್ಚಿರಬಹುದು. ಎಷ್ಟೋ ಜನರ ಚರ್ಮ ತಿಗಣೆಯ ಜೊಲ್ಲಿಗೆ ಪ್ರತಿಕ್ರಿಯೆಯನ್ನೇ ತೋರುವುದಿಲ್ಲ. ಒಂದೇ ಹಾಸಿಗೆಯಲ್ಲಿ ಒಬ್ಬರಿಗೆ ದದ್ದು, ಇನ್ನೊಬ್ಬರಿಗೆ ಏನೂ ಇಲ್ಲ ಎಂಬುದು ದಿನನಿತ್ಯ ಕೇಳುವ ಮಾತು. ಬೆರಳ ಸಂದಿನಲ್ಲಿ, ಮಣಿಕಟ್ಟಿನಲ್ಲಿ ಶುರುವಾಗಿ, ರಾತ್ರಿ ಹೆಚ್ಚಾಗಿ, ಮನೆಮಂದಿಗೆಲ್ಲ ಹಬ್ಬುವ ತುರಿಕೆಯಾದರೆ ಅದು ಕಜ್ಜಿ. ಅದಕ್ಕೆ ಬೇರೆಯೇ ಚಿಕಿತ್ಸೆ, ವೈದ್ಯರಿಗೆ ತೋರಿಸಬೇಕು.

ಮನೆಗೆ ಬಂದಿದೆಯೇ ಎಂಬ ಆತಂಕವನ್ನು ನೀವು ಬಿಡಬಹುದು. ನಮ್ಮ ಹವೆಯಲ್ಲಿ ತಿಗಣೆಯ ಮೊಟ್ಟೆ ಆರರಿಂದ ಹತ್ತು ದಿನಕ್ಕೆ ಒಡೆಯುತ್ತದೆ. ಮರಿ ಐದು ಸಲ ಪೊರೆ ಕಳಚಿ, ಪ್ರತಿ ಸಲವೂ ರಕ್ತ ಕುಡಿದು, ಐದಾರು ವಾರದಲ್ಲಿ ತಾನೇ ಮೊಟ್ಟೆ ಇಡುವ ಹಂತಕ್ಕೆ ಬರುತ್ತದೆ. ಮೇಯಲ್ಲಿ ಬಂದಿದ್ದರೆ ಈ ಹೊತ್ತಿಗೆ ಎರಡು ಮೂರು ತಲೆಮಾರು ಆಗಿ ಹಾಸಿಗೆಯ ಅಂಚಿನಲ್ಲಿ ಕಪ್ಪು ಚುಕ್ಕೆ ಕಾಣಲೇಬೇಕಿತ್ತು. ನಾಲ್ಕೈದು ತಿಂಗಳು ಹೊಸ ದದ್ದೂ ಇಲ್ಲ, ಚುಕ್ಕೆಯೂ ಇಲ್ಲ ಎಂದರೆ ನಿಮ್ಮ ಮನೆಯಲ್ಲಿ ತಿಗಣೆ ಇಲ್ಲ.

ಲಾಡ್ಜಿನಲ್ಲಿ ಕಚ್ಚಿಸಿಕೊಳ್ಳುವುದು ಒಂದು ವಾರದ ಕಿರಿಕಿರಿ. ತಿಗಣೆ ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ರೋಗ ಹರಡಿದ ಖಚಿತ ಉದಾಹರಣೆ ಈವರೆಗೆ ಸಿಕ್ಕಿಲ್ಲ. ತೊಂದರೆ ಏನಿದ್ದರೂ ಅದನ್ನು ಮನೆಗೆ ತಂದುಕೊಂಡಾಗ. ಗರ್ಭ ಕಟ್ಟಿದ ಒಂದೇ ಹೆಣ್ಣು ಬಂದರೂ ಸಂಸಾರ ಬೆಳೆಯುತ್ತದೆ. ಅದು ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ. ಹಾಗಾಗಿ ನಿಮ್ಮ ಗಮನದ ಮುಕ್ಕಾಲು ಪಾಲು ಬ್ಯಾಗಿನ ಮೇಲಿರಲಿ.

ದುಬಾರಿ ಹೋಟೆಲಿನ ಪ್ರಶ್ನೆಗೆ ಬರೋಣ. ತಿಗಣೆಗೆ ಕೊಳೆ ಬೇಕಿಲ್ಲ, ಮನುಷ್ಯನ ರಕ್ತ ಮತ್ತು ಅಡಗಲು ಒಂದು ಸಂದು ಇದ್ದರೆ ಸಾಕು. ಅದಕ್ಕೆ ರೆಕ್ಕೆ ಇಲ್ಲ, ಜಿಗಿಯಲೂ ಬಾರದು. ನಿಮಿಷಕ್ಕೆ ಸುಮಾರು ಒಂದು ಮೀಟರ್ ನಡೆಯುತ್ತದೆ ಅಷ್ಟೆ. ಊರಿಂದ ಊರಿಗೆ ಹೋಗುವುದು ನಮ್ಮ ಸಾಮಾನಿನಲ್ಲೇ. ಐದು ನಕ್ಷತ್ರದ ಹೋಟೆಲಿಗೂ ಅತಿಥಿಯ ಸೂಟ್‌ಕೇಸಿನಲ್ಲಿ ಬಂದಿಳಿಯುತ್ತದೆ. ವ್ಯತ್ಯಾಸ ಇರುವುದು ಅದನ್ನು ಎಷ್ಟು ಬೇಗ ಪತ್ತೆ ಹಚ್ಚುತ್ತಾರೆ, ಆ ರೂಮನ್ನು ಖಾಲಿ ಬಿಟ್ಟು ಔಷಧಿ ಹೊಡೆಸುತ್ತಾರೆಯೇ ಎಂಬುದರಲ್ಲಿ. ಈ ವಿಷಯದಲ್ಲಿ ದಸರಾದ ಹತ್ತು ದಿನ ಯಾವ ಹೋಟೆಲಿಗೂ ಕಷ್ಟಕಾಲ. ಒಬ್ಬರು ಹನ್ನೊಂದಕ್ಕೆ ರೂಮು ಬಿಟ್ಟರೆ ಹನ್ನೆರಡಕ್ಕೆ ಇನ್ನೊಬ್ಬರು ಒಳಗೆ ಬಂದಿರುತ್ತಾರೆ, ಹಾಸಿಗೆ ಎತ್ತಿ ನೋಡುವಷ್ಟು ಹೊತ್ತು ಸಿಬ್ಬಂದಿಗೆ ಸಿಗುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಎಕ್ಸ್‌ಟ್ರಾ ಬೆಡ್. ಒಂದೇ ರೂಮಿನಲ್ಲಿ ನಾಲ್ಕೈದು ಜನ ಉಳಿದಾಗ ಸ್ಟೋರ್ ರೂಮಿನಿಂದ ತಂದು ನೆಲಕ್ಕೆ ಹಾಸುವ ಹಾಸಿಗೆ ಅದು. ಇವತ್ತು ಈ ರೂಮು, ನಾಳೆ ಇನ್ನೊಂದು, ಉಳಿದ ದಿನ ಹಳೆಯ ಹಾಸಿಗೆಗಳ ರಾಶಿಯಲ್ಲಿ. ಹೋಟೆಲಿನ ಒಳಗೆ ತಿಗಣೆ ಒಂದು ರೂಮಿನಿಂದ ಇನ್ನೊಂದಕ್ಕೆ ಹರಡಲು ಇದೂ ಒಂದು ದಾರಿ. ಛತ್ರಗಳಲ್ಲಿ ಬಾಡಿಗೆಗೆ ತರಿಸುವ ಹಾಸಿಗೆ, ದಿಂಬುಗಳದ್ದೂ ಇದೇ ಕಥೆ. ನಿಮ್ಮ ಮೇ ತಿಂಗಳ ಮದುವೆಯಲ್ಲೂ ಮೂಲ ಅದೇ ಇದ್ದಿರಬಹುದು. ಅಕ್ಕನ ಮನೆಯವರೂ ಇರುವುದರಿಂದ, ಸಾಧ್ಯವಾದರೆ ಎರಡು ರೂಮು ಮಾಡಿ. ಇಲ್ಲವೇ ನಿಮ್ಮದೇ ಚಾಪೆ, ಜಮಖಾನ ಒಯ್ಯಿರಿ. ಎಕ್ಸ್‌ಟ್ರಾ ಬೆಡ್ಡಿಗೆ ಕೊಡುವ ದುಡ್ಡೂ ಉಳಿಯುತ್ತದೆ.

ರೂಮು ನೋಡುವ ಬಗೆ ಹೀಗೆ. ಹತ್ತು ನಿಮಿಷ ಸಾಕು, ಮೊಬೈಲಿನ ಟಾರ್ಚ್, ಹಳೆಯ ಎಟಿಎಂ ಕಾರ್ಡ್, ಸ್ವಲ್ಪ ಒದ್ದೆ ಹತ್ತಿ ಬೇಕು. ಒಳಗೆ ಹೋದ ಕೂಡಲೇ ಬ್ಯಾಗುಗಳನ್ನು ಮಂಚದ ಮೇಲಿಡಬೇಡಿ, ಸೋಫಾದ ಮೇಲೂ ಬೇಡ. ಬಚ್ಚಲುಮನೆಯ ಒಣಗಿದ ಟೈಲ್ಸ್ ಮೇಲೆ ಇಡಿ. ಮಕ್ಕಳು ಹಾಸಿಗೆ ಮೇಲೆ ಹಾರುವ ಮುಂಚೆ ಈ ಕೆಲಸ ಮುಗಿಯಲಿ.

ತಲೆಯ ಭಾಗದಿಂದ ಶುರು ಮಾಡಿ. ತಿಗಣೆ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡು ಮತ್ತು ಮೈಶಾಖ ಹಿಡಿದು ಬರುವುದರಿಂದ ತಲೆಯ ಕಡೆಯೇ ಹೆಚ್ಚು ನೆಲೆಸುತ್ತದೆ. ಬೆಡ್‌ಶೀಟನ್ನು ನಾಲ್ಕೂ ಮೂಲೆಯಲ್ಲಿ ಬಿಡಿಸಿ, ಹಾಸಿಗೆಯ ಅಂಚಿನ ಸುತ್ತ ಹೊಲಿದಿರುವ ದಪ್ಪ ಪಟ್ಟಿಯನ್ನು ಎರಡು ಬೆರಳಿನಲ್ಲಿ ಅಗಲಿಸಿ ಟಾರ್ಚ್ ಬಿಡಿ. ಹತ್ತಿಯ ಹಾಸಿಗೆಯಾದರೆ ನಡುನಡುವೆ ದಾರ ಕಟ್ಟಿದ ಗುಳಿಗಳನ್ನು ನೋಡಿ. ಬೆಳೆದ ತಿಗಣೆ ನಾಲ್ಕೈದು ಮಿಲಿಮೀಟರ್ ಉದ್ದ, ಚಪ್ಪಟೆ, ಕೆಂಗಂದು. ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ. ಮರಿ ಒಂದೂವರೆ ಮಿಲಿಮೀಟರಿನಷ್ಟು, ತಿಳಿ ಹಳದಿ. ಹೊಟ್ಟೆಯಲ್ಲಿ ರಕ್ತ ಇದ್ದರೆ ಮಾತ್ರ ಕೆಂಪಗೆ ಕಂಡೀತು. ಮೊಟ್ಟೆ ಒಂದು ಮಿಲಿಮೀಟರ್, ಮುತ್ತಿನ ಬಿಳುಪು, ಅಂಟಿಕೊಂಡಿರುತ್ತದೆ, ಕೊಡವಿದರೆ ಬೀಳುವುದಿಲ್ಲ.

ಹುಳುವಿಗಿಂತ ಮೊದಲು ಕಣ್ಣಿಗೆ ಬೀಳುವುದು ಅದರ ಹಿಕ್ಕೆ. ಬಟ್ಟೆಯ ಮೇಲೆ ಜೆಲ್ ಪೆನ್ನಿನ ತುದಿ ಒತ್ತಿ ಹಿಡಿದಂತೆ, ಅಂಚು ತುಸು ಹರಡಿದ ಕಪ್ಪು ಚುಕ್ಕೆಗಳು, ಒಂದೆಡೆ ಗುಂಪಾಗಿ ಇರುತ್ತವೆ. ಅನುಮಾನವಿದ್ದರೆ ಒದ್ದೆ ಹತ್ತಿಯಿಂದ ಉಜ್ಜಿ. ಅದು ಜೀರ್ಣವಾದ ರಕ್ತ, ಕಂದು ಕೆಂಪಾಗಿ ಹರಡುತ್ತದೆ. ಜಿರಲೆಯ ಹಿಕ್ಕೆ ಪುಡಿ ಅಥವಾ ಕಾಳಿನಂತೆ ಮೇಲೆ ಕೂತಿರುತ್ತದೆಯೇ ಹೊರತು ಬಟ್ಟೆಯೊಳಗೆ ಇಳಿಯುವುದಿಲ್ಲ.

ಹಾಸಿಗೆ ಮುಗಿಯಿತೆಂದು ನಿಲ್ಲಿಸಬೇಡಿ, ಬಹಳ ಜನ ಎಡವುವುದು ಇಲ್ಲೇ. ತಪಾಸಣೆಯಲ್ಲಿ ಹಾಸಿಗೆ ಸ್ವಚ್ಛವಾಗಿ ಕಂಡು, ತಲೆದಿಂಬಿನ ಹಿಂದೆ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ ಪ್ಲೈವುಡ್ ಹಲಗೆಯ ಹಿಂಬದಿಯಲ್ಲಿ ಗೂಡುಗಟ್ಟಿರುವುದು ಸಾಮಾನ್ಯ. ಆ ಹಲಗೆ ಮತ್ತು ಗೋಡೆಯ ನಡುವೆ ಎಟಿಎಂ ಕಾರ್ಡನ್ನು ಮೇಲಿಂದ ಕೆಳಗೆ ಎಳೆದು ಕಾರ್ಡಿನ ಅಂಚು ನೋಡಿ. ಪೊರೆಯ ಚೂರು, ಕಪ್ಪು ಪುಡಿ ಬಂದರೆ ಉತ್ತರ ಸಿಕ್ಕಿತು. ಆಮೇಲೆ ಹಾಸಿಗೆಯ ಒಂದು ಮೂಲೆ ಎತ್ತಿ ಕೆಳಗಿನ ಪ್ಲೈವುಡ್ಡಿನ ಜೋಡಣೆ, ಮಂಚದ ಕಾಲು ಸೇರುವ ಮೂಲೆ, ಸ್ಕ್ರೂ ತೂತುಗಳನ್ನು ನೋಡಿ. ಪಕ್ಕದ ಮೇಜಿನ ಡ್ರಾ, ಮಂಚದ ಮೇಲಿನ ಫೋಟೊ ಚೌಕಟ್ಟು, ಮಂಚಕ್ಕೆ ತಾಗುವ ಪರದೆಯ ಮಡಿಕೆ, ಇಷ್ಟು ಸಾಕು. ತಿಗಣೆ ಮಲಗುವವರಿಂದ ಬಹಳ ದೂರ ಮನೆ ಮಾಡುವುದಿಲ್ಲ. ರೂಮಿನಲ್ಲಿ ಕೀಟನಾಶಕದ ಘಾಟು ಹೊಡೆಯುತ್ತಿದ್ದರೆ ಸ್ವಚ್ಛ ಎಂದು ಸಮಾಧಾನಪಡದೆ ಇನ್ನಷ್ಟು ಹುಷಾರಾಗಿ ನೋಡಿ.

ಕುರುಹು ಸಿಕ್ಕರೆ ಮೊದಲು ಫೋಟೊ. ಹುಳು ಸಿಕ್ಕರೆ ಸೆಲ್ಲೋಟೇಪಿನಲ್ಲಿ ಅಂಟಿಸಿ ಕಾಗದಕ್ಕೆ ಮೆತ್ತಿ ಇಟ್ಟುಕೊಳ್ಳಿ. ರಿಸೆಪ್ಶನ್ನಿನಲ್ಲಿ ಸಮಾಧಾನದಿಂದಲೇ ತೋರಿಸಿ ಬೇರೆ ರೂಮು ಕೇಳಿ. ಪಕ್ಕದ್ದು, ಎದುರಿನದ್ದು, ನೇರ ಮೇಲಿನದ್ದು, ಕೆಳಗಿನದ್ದು ಬೇಡ ಎನ್ನಿ. ವೈರಿನ ಪೈಪು, ಗೋಡೆಯ ಬಿರುಕಿನಲ್ಲಿ ಅಲ್ಲಿಗೂ ಹೋಗಿರುತ್ತದೆ. ಹೊಸ ರೂಮಿನಲ್ಲೂ ಅದೇ ಹತ್ತು ನಿಮಿಷದ ಹುಡುಕಾಟ ಮಾಡಬೇಕು.

ವಿಜಯದಶಮಿಯ ರಾತ್ರಿ ಊರಲ್ಲೆಲ್ಲೂ ರೂಮೇ ಇಲ್ಲ, ಇದ್ದುದರಲ್ಲೇ ಕಳೆಯಬೇಕು ಎಂಬ ಸ್ಥಿತಿ ಬಂದರೆ ಮಂಚವನ್ನು ಗೋಡೆಯಿಂದ ಒಂದು ಗೇಣು ಎಳೆಯಿರಿ. ಹೊದಿಕೆ, ಬೆಡ್‌ಶೀಟು ನೆಲಕ್ಕೆ ಇಳಿಬೀಳದಂತೆ ಸಿಕ್ಕಿಸಿ, ತುಂಬುತೋಳಿನ ಬಟ್ಟೆ ಹಾಕಿಕೊಂಡು ಮಲಗಿ. ದೀಪ ಹಾಕಿಕೊಂಡು ಮಲಗಿದರೆ ಬರುವುದಿಲ್ಲ ಎಂಬುದು ಸುಳ್ಳು, ಹಸಿದ ತಿಗಣೆ ಬೆಳಕಿನಲ್ಲೂ ಬರುತ್ತದೆ. ಸೊಳ್ಳೆಬತ್ತಿ, ಲಿಕ್ವಿಡ್ ಯಂತ್ರಗಳೂ ಇದಕ್ಕೆ ನಾಟುವುದಿಲ್ಲ. ಮಂಚದ ಕಾಲಿಗೆ ನೀರಿನ ಬಟ್ಟಲು ಇಡುವ ಹಳೆಯ ಉಪಾಯದ ಬಗ್ಗೆಯೂ ಒಂದು ಮಾತು. ಅಂತರಜಾಲದಲ್ಲಿ ಈ ಬಗೆಯ ಬಟ್ಟಲುಗಳನ್ನು ಹೊಗಳುವವರು ಬಹುಪಾಲು ಚಳಿದೇಶಗಳ ತಿಗಣೆಯನ್ನು ಕಂಡವರು. ನಮ್ಮ ಕಡೆ ಹೆಚ್ಚಾಗಿರುವುದು ಉಷ್ಣವಲಯದ ತಿಗಣೆ, ಸೈಮೆಕ್ಸ್ ಹೆಮಿಪ್ಟೆರಸ್. ಅದರ ಕಾಲಿನಲ್ಲಿ ಅಂಟುವ ರೋಮಗಳು ಹೆಚ್ಚು. ನುಣುಪು ಪ್ಲಾಸ್ಟಿಕ್ಕನ್ನೂ ಹತ್ತಿ ಪಾರಾಗುವ ಶಕ್ತಿ ಅದಕ್ಕಿದೆ. ಹಾಗಾಗಿ ಬಟ್ಟಲನ್ನೇ ನೆಚ್ಚಿ ಕೂರಬೇಡಿ.

ಬ್ಯಾಗಿಗೆ ನುಸಿ ಗುಳಿಗೆ ಹಾಕಿದರೆ ನಿಮಗೆ ತಲೆನೋವು ಬರಬಹುದು, ತಿಗಣೆ ಓಡುವುದಿಲ್ಲ. ಸ್ಪ್ರೇ ಡಬ್ಬಿಗಳಲ್ಲಿರುವ ಪೈರೆಥ್ರಾಯ್ಡ್ ಬಗೆಯ ಔಷಧಿಗಳಿಗೆ ತಿಗಣೆಗಳು ಪ್ರಪಂಚದ ಬಹುಕಡೆ ಒಗ್ಗಿಹೋಗಿವೆ. ಡಿಡಿಟಿಗೆ ಒಗ್ಗಿಕೊಂಡದ್ದು 1940ರ ದಶಕದ ಕೊನೆಯಲ್ಲೇ ಕಂಡುಬಂದಿತ್ತು. ಸ್ಪ್ರೇ ನೇರ ತಿಗಣೆಯ ಮೈಮೇಲೆ ಬಿದ್ದರೆ ಅದು ಸಾಯಬಹುದು, ಬಟ್ಟೆಯಲ್ಲಿ ಒಣಗಿದ ಔಷಧಿ ನಿಮ್ಮ ಚರ್ಮಕ್ಕೆ ತಾಗುವುದೇ ಬಂತು. ಹಳಬರು ಹೇಳುವ ನುವಾನ್, ಅಂದರೆ ಡೈಕ್ಲೋರ್ವಾಸ್, 2020ರ ಕೊನೆಯಿಂದ ದೇಶದಲ್ಲಿ ನಿಷೇಧವಾಗಿದೆ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಸೀಸೆ ಸಿಕ್ಕಿದರೂ ಬಳಸಬೇಡಿ.

ಇದಕ್ಕೆಲ್ಲ ಬದಲು ದಪ್ಪ ಪ್ಲಾಸ್ಟಿಕ್ ಕವರುಗಳನ್ನು ಒಯ್ಯಿರಿ. ಪ್ರತಿ ಬ್ಯಾಗಿಗೂ ಒಂದು ದೊಡ್ಡದು, ಉಟ್ಟು ಬಿಚ್ಚಿದ ಬಟ್ಟೆಗೆ ಬೇರೆ ಒಂದು. ಮಲಗುವಾಗ ಬ್ಯಾಗು ಕವರಿನೊಳಗೆ, ಬಾಯಿ ತಿರುಚಿ ರಬ್ಬರ್ ಬ್ಯಾಂಡ್ ಹಾಕಿ, ಮಂಚದಿಂದ ದೂರ. ಬೆವರಿನ ಬಟ್ಟೆಯನ್ನು ಕುರ್ಚಿ ಮೇಲೆ, ನೆಲದ ಮೇಲೆ ಬಿಡಲೇಬಾರದು. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಒಗೆದ ಬಟ್ಟೆಯ ಚೀಲ, ಉಟ್ಟ ಬಟ್ಟೆಯ ಚೀಲ ಎರಡನ್ನೂ ಇಟ್ಟು ನೋಡಿದಾಗ, ತಿಗಣೆಗಳು ಉಟ್ಟ ಬಟ್ಟೆಯ ಕಡೆಗೇ ಹೆಚ್ಚು ಹೋದವು. ಮೈವಾಸನೆ ಇದ್ದರೆ ಸಾಕು, ಮನುಷ್ಯನೇ ಇರಬೇಕೆಂದಿಲ್ಲ.

ಮಂಡ್ಯಕ್ಕೆ ವಾಪಸ್ಸಾದ ಮೇಲೆ ಬ್ಯಾಗು ಮಲಗುವ ಕೋಣೆಗೆ ಹೋಗಬಾರದು. ತಾರಸಿ, ಹಿತ್ತಲು ಅಥವಾ ಬಚ್ಚಲಿನಲ್ಲಿ ಬಿಳಿ ಪಂಚೆ ಹಾಸಿ ಅದರ ಮೇಲೆ ಬಿಚ್ಚಿ. ಹತ್ತಿ ಬಟ್ಟೆಗಳಿಗೆ ಬಿಸಿನೀರೇ ಮದ್ದು. ಬಟ್ಟೆಯನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಹಾಕಿದರೆ ಸಾಲದು. ಇಪ್ಪತ್ತನಾಲ್ಕು ಗಂಟೆ ಮುಳುಗಿದ್ದರೆ ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. 45 ಡಿಗ್ರಿ ಶಾಖದಲ್ಲಿ ದೊಡ್ಡ ಹುಳು ಒಂದೂವರೆ ಗಂಟೆಯಲ್ಲಿ ಸಾಯುತ್ತದೆ, ಮೊಟ್ಟೆ ಆಗಲೂ ಉಳಿಯುತ್ತದೆ. ಮೊಟ್ಟೆಗೆ 55 ಡಿಗ್ರಿ ದಾಟಿಸಬೇಕು. ಥರ್ಮಾಮೀಟರ್ ಬೇಕಿಲ್ಲ: ಎರಡು ಪಾಲು ಕುದಿಯುವ ನೀರಿಗೆ ಒಂದು ಪಾಲು ನಲ್ಲಿ ನೀರು ಬೆರೆಸಿದರೆ ಸುಮಾರು 70 ಡಿಗ್ರಿ ಇರುತ್ತದೆ, ಬಟ್ಟೆ ಹಾಕಿದ ಮೇಲೆ 60ರ ಆಸುಪಾಸಿಗೆ ಇಳಿಯುತ್ತದೆ. ಸ್ಟೀಲ್ ಅಥವಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಟ್ಟೆಯನ್ನು ಕೋಲಿನಿಂದ ಪೂರ್ತಿ ಮುಳುಗಿಸಿ ಮುಚ್ಚಳ ಹಾಕಿ ಅರ್ಧ ಗಂಟೆ ಬಿಡಿ. ಬಣ್ಣ ಬಿಡುವ ಬಟ್ಟೆ ಬೇರೆ ಹಾಕಿ, ಮಕ್ಕಳು ಹತ್ತಿರ ಬಾರದಿರಲಿ. ವಾಷಿಂಗ್ ಮೆಷಿನ್ನಿನಲ್ಲಿ 60 ಡಿಗ್ರಿಯ ಆಯ್ಕೆ ಇದ್ದರೆ ಅದೇ ಸಾಕು.

ಬಿಸಿಲಿಗೆ ಹಾಕಿದರೆ ಸಾಯುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ದಸರಾ ಹೊತ್ತಿನಲ್ಲಿ ನಮ್ಮಲ್ಲಿ ಹಗಲಿನ ಶಾಖ 30 ಡಿಗ್ರಿಯ ಆಸುಪಾಸು. ಬ್ಯಾಗಿನ ಮೇಲ್ಮೈ ಸುಟ್ಟರೂ ಒಳಗಿನ ಮಡಿಕೆ ಅಷ್ಟು ಕಾಯುವುದಿಲ್ಲ, ತಿಗಣೆ ನೆರಳಿನ ಬದಿಗೆ ಸರಿದುಕೊಳ್ಳುತ್ತದೆ. ಬಿಸಿಲು ಹಾಕುವುದರಿಂದ ನಷ್ಟವಿಲ್ಲ, ಆದರೆ ಅದನ್ನೇ ನಂಬಬೇಡಿ. ಖಾಲಿ ಬ್ಯಾಗಿನ ಜಿಪ್ಪಿನ ಪಟ್ಟಿ, ಒಳಲೈನಿಂಗಿನ ಹೊಲಿಗೆ, ಚಕ್ರದ ಸುತ್ತ ಗಟ್ಟಿ ಬ್ರಶ್ಶಿನಿಂದ ಉಜ್ಜಿ, ಸ್ಟೀಮ್ ಇಸ್ತ್ರಿ ಇದ್ದರೆ ಹೊಲಿಗೆಗುಂಟ ನಿಧಾನವಾಗಿ ಹಬೆ ಹಾಯಿಸಿ. ಪಂಚೆಯನ್ನೂ ಬಿಸಿನೀರಿಗೆ ಹಾಕಿ.

ರೇಷ್ಮೆ ಸೀರೆಯನ್ನು ಬಿಸಿನೀರಿಗೆ ಹಾಕುವಂತಿಲ್ಲ. ಲಾಡ್ಜಿನಲ್ಲಿ ಅದನ್ನು ಜಿಪ್ ಕವರಿನಲ್ಲೇ ಇಡಿ, ಉಡುವಾಗ ಮಾತ್ರ ತೆಗೆಯಿರಿ, ಮಂಚದ ಮೇಲೆ ಹರಡಬೇಡಿ. ಮನೆಗೆ ಬಂದು ಬಿಳಿ ಬಟ್ಟೆಯ ಮೇಲೆ ಒಂದೊಂದೇ ಮಡಿಕೆ ಬಿಡಿಸಿ. ರೇಷ್ಮೆಯ ನುಣುಪಿನ ಮೇಲೆ ಹುಳು ಅಡಗಲು ಜಾಗ ಕಡಿಮೆ. ಫಾಲ್ಸ್ ಹೊಲಿದ ಅಂಚು, ಕುಚ್ಚು, ರವಿಕೆಯ ಒಳಹೊಲಿಗೆ, ಕೊಕ್ಕೆಪಟ್ಟಿ, ಇವೇ ನೋಡಬೇಕಾದ ಜಾಗ. ಅಲ್ಲಿ ತೆಳು ಹತ್ತಿ ಬಟ್ಟೆ ಹಾಸಿ ರೇಷ್ಮೆಗೆ ತಕ್ಕ ಶಾಖದಲ್ಲಿ ನಿಧಾನವಾಗಿ ಇಸ್ತ್ರಿ ಒತ್ತಿ. ಇಸ್ತ್ರಿಪೆಟ್ಟಿಗೆ ತಿಗಣೆಯ ಮೊಟ್ಟೆಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ಅನುಮಾನ ಉಳಿದರೆ ಡ್ರೈಕ್ಲೀನಿಂಗಿಗೆ ಕೊಡಿ. ಫ್ರಿಜ್ಜಿನ ಉಪಾಯವನ್ನೂ ಕೆಲವರು ಹೇಳುತ್ತಾರೆ. ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಸಾಯುವುದು ನಿಜ, ಆದರೆ ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗುವ ಭರವಸೆ ಇಲ್ಲ.

ಇಷ್ಟು ಮಾಡಿ ಮುಂದಿನ ಆರು ವಾರ, ವಾರಕ್ಕೊಮ್ಮೆ ನಿಮ್ಮ ಹಾಸಿಗೆಯ ಅಂಚು ಮತ್ತು ಮಂಚದ ಮೂಲೆಗಳಿಗೆ ಟಾರ್ಚ್ ಬಿಟ್ಟು ನೋಡಿ. ಅಕಸ್ಮಾತ್ ಚುಕ್ಕೆ ಕಂಡರೆ ಹೆದರಿ ಬೇರೆ ಕೋಣೆಗೆ ಹೋಗಿ ಮಲಗಬೇಡಿ, ಅವೂ ಹಿಂದೆಯೇ ಬಂದು ಎರಡು ಕೋಣೆ ಹಾಳಾಗುತ್ತವೆ. ತೇಗ, ಬೀಟೆಯ ಹಳೆಯ ಮಂಚವಾದರೆ ಬಿಚ್ಚಿ ಹಿತ್ತಲಿಗೆ ತಂದು ಸಂದುಗಳಿಗೆ ಕುದಿಯುವ ನೀರು ಹುಯ್ಯುವ ಅಜ್ಜಿಯರ ಪದ್ಧತಿ ಈಗಲೂ ಸರಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ ಮಾಡಬೇಕು. ಪ್ಲೈವುಡ್ ಮಂಚಕ್ಕೆ ಇದು ಬೇಡ, ಉಬ್ಬಿಹೋಗುತ್ತದೆ. ಹೆಚ್ಚಿದ್ದರೆ ಕೀಟನಾಶಕ ಕಾಯ್ದೆಯಡಿ ಲೈಸೆನ್ಸ್ ಪಡೆದ ಕೀಟನಿಯಂತ್ರಣದವರನ್ನೇ ಕರೆಯಿರಿ. ಯಾವ ಔಷಧಿ ಎಂದು ಲೇಬಲ್ ತೋರಿಸಲು ಹೇಳಿ. ಸಿಂಪಡಣೆಗೆ ಮೊಟ್ಟೆ ಜಗ್ಗದ ಕಾರಣ ಹತ್ತರಿಂದ ಹದಿನೈದು ದಿನದ ಅಂತರದಲ್ಲಿ ಎರಡನೇ ಸಲ ಬರಲೇಬೇಕು. ಒಂದೇ ಸಲಕ್ಕೆ ಮುಗಿಸುತ್ತೇವೆ ಎನ್ನುವವರನ್ನು ಬಿಡಿ. ಔಷಧಿ ಹೊಡೆದ ದಿನ ಮಕ್ಕಳು, ಗರ್ಭಿಣಿಯರು, ಉಬ್ಬಸ ಇರುವವರು ಬೇರೆಡೆ ಇರಲಿ.

ಕಚ್ಚಿದ ಜಾಗಕ್ಕೆ ಸೋಪಿನಲ್ಲಿ ತೊಳೆದು ತಣ್ಣೀರ ಬಟ್ಟೆ, ಕ್ಯಾಲಮೈನ್ ಲೋಷನ್ ಸಾಕು, ಒಂದೆರಡು ವಾರದಲ್ಲಿ ಮಾಯುತ್ತದೆ. ಕೆರೆದು ಕೀವಾದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ. ತುಟಿ, ಮುಖ ಊದಿ ಉಸಿರಿಗೆ ತೊಂದರೆಯಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಹೋಟೆಲಿನವರು ರೂಮೂ ಬದಲಿಸದೆ ಹಣವೂ ಕೊಡದೆ ಹೋದರೆ ಬಿಲ್ಲು, ಫೋಟೊ, ಟೇಪಿನಲ್ಲಿ ಅಂಟಿಸಿದ ಹುಳು, ವೈದ್ಯರ ಚೀಟಿ ಇಷ್ಟನ್ನು ಜೋಪಾನ ಮಾಡಿ. ಮೊದಲು 1915 ಗ್ರಾಹಕ ಸಹಾಯವಾಣಿಗೆ ಹೇಳಿ. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಮೈಸೂರಿಗೆ ಅಲೆಯಬೇಕಿಲ್ಲ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಘಟನೆ ನಡೆದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.